ಒಂದೇ ಮನೆ, ಒಂದೇ ತಂಡ: ನಿಮ್ಮವರ ಜೊತೆಗಿದ್ದೂ ನ್ಯಾಯವಾಗಿ ಗೆಲ್ಲುವ ಸೂತ್ರಗಳು

ಭದ್ರಾವತಿಯಂಥ ಕಾರ್ಖಾನೆ ಊರಿಗೆ ಇದು ಹೊಸದಲ್ಲ. ಅಪ್ಪ ಐರನ್ ಫ್ಯಾಕ್ಟರಿಯಲ್ಲಿ, ಮಗನೂ ಅಲ್ಲೇ. ಅಣ್ಣ ಬಡಾವಣೆಯ ಕ್ರಿಕೆಟ್ ತಂಡದ ಕ್ಯಾಪ್ಟನ್, ತಮ್ಮ ಓಪನಿಂಗ್ ಬ್ಯಾಟ್ಸ್‌ಮನ್. ಶಿವಮೊಗ್ಗದಲ್ಲೂ ಅಷ್ಟೇ. ಅತ್ತೆ ಪಾಠ ಮಾಡುವ ಕಾಲೇಜಿಗೇ ಸೊಸೆ ಗೆಸ್ಟ್ ಲೆಕ್ಚರರ್ ಆಗಿ ಸೇರುತ್ತಾಳೆ. ಅಕ್ಕ–ತಂಗಿ ಒಂದೇ ಸಂಗೀತ ಸ್ಪರ್ಧೆಗೆ ಹೆಸರು ಕೊಡುತ್ತಾರೆ. ಇಡೀ ಕುಟುಂಬ ಒಂದೇ ಸಹಕಾರ ಸಂಘದ ಸದಸ್ಯರು, ಒಂದೇ ವಾಟ್ಸಾಪ್ ಬಳಗದ ಮೆಂಬರ್‌ಗಳು.

ಇದರಲ್ಲಿ ತಪ್ಪೇನೂ ಇಲ್ಲ. ಆದರೆ ನೀವು ಗೆದ್ದ ದಿನ ಹಿಂದಿನಿಂದ ಒಂದು ಮಾತು ಕೇಳುತ್ತದೆ: "ಅವರಪ್ಪ ಇದ್ದಾರಲ್ಲ, ಅದಕ್ಕೇ ಸಿಕ್ತು." ಈ ಮಾತಿಗೆ ಅವಕಾಶವೇ ಇಲ್ಲದಂತೆ ಬೆಳೆಯಲು ಸಾಧ್ಯ. ಅದಕ್ಕೆ ಅದೃಷ್ಟ ಬೇಡ, ಕೆಲವು ಅಭ್ಯಾಸಗಳು ಬೇಕು. ಇವತ್ತೇ ಶುರು ಮಾಡಿ.

1. ಸಂಬಂಧವನ್ನು ನೀವೇ ಮೊದಲು ಹೇಳಿ

ಬೇರೆಯವರು ಕಂಡುಹಿಡಿಯುವ ತನಕ ಕಾಯಬೇಡಿ. ತಂಡಕ್ಕೆ, ಸಮಿತಿಗೆ, ಪ್ರಾಜೆಕ್ಟ್‌ಗೆ ಸೇರಿದ ಮೊದಲ ದಿನವೇ ಒಂದು ಸಾಲು ಹೇಳಿಬಿಡಿ: "ಸರ್, ಅಕೌಂಟ್ಸ್ ಸೆಕ್ಷನ್‌ನಲ್ಲಿರೋರು ನಮ್ಮ ಚಿಕ್ಕಪ್ಪ. ನಿಮಗೆ ಗೊತ್ತಿರಲಿ ಅಂತ ಹೇಳಿದೆ." ಅಷ್ಟು ಸಾಕು. ವಿವರಣೆ ಬೇಡ, ಸಂಕೋಚವೂ ಬೇಡ. ಸಾಧ್ಯವಾದರೆ ಇಮೇಲ್‌ನಲ್ಲೂ ಹಾಕಿ, ದಾಖಲೆ ಇರುತ್ತದೆ.

ಕಾರಣ ಸರಳ. ನೀವೇ ಹೇಳಿದ ಸಂಬಂಧ ಬರೀ ಒಂದು ಮಾಹಿತಿ. ಬೇರೆಯವರು ಪತ್ತೆ ಮಾಡಿದ ಸಂಬಂಧ ಒಂದು ಆರೋಪ. ವಿಷಯ ಒಂದೇ ಆದರೂ, ಅದು ಯಾರ ಬಾಯಿಂದ ಮೊದಲು ಬಂತು ಎಂಬುದರ ಮೇಲೆ ನಿಮ್ಮ ಹೆಸರು ನಿಂತಿರುತ್ತದೆ. ದೊಡ್ಡ ಕಂಪನಿಗಳ ನಿರ್ದೇಶಕರಿಗೂ ಇದೇ ಪಾಠ. ತಮ್ಮ ಹಿತಾಸಕ್ತಿ ಎಲ್ಲೆಲ್ಲಿದೆ ಎಂದು ಮಂಡಳಿಗೆ ಮುಂಚಿತವಾಗಿ ತಿಳಿಸಬೇಕು ಎನ್ನುತ್ತದೆ 2013ರ ಕಂಪನಿ ಕಾಯ್ದೆ. ನಿಕಟ ಬಂಧುಗಳ ಜೊತೆಗಿನ ವ್ಯವಹಾರಕ್ಕೆ ಅದರಲ್ಲಿ ಬೇರೆಯೇ ನಿಯಮವಿದೆ. ಕೋಟಿಗಟ್ಟಲೆ ವ್ಯವಹಾರ ಮಾಡುವವರಿಗೆ ಸರಿಹೊಂದುವ ಶಿಸ್ತು ನಿಮ್ಮ ಕಾಲೇಜ್ ಫೆಸ್ಟ್ ಕಮಿಟಿಗೂ ಹೊಂದುತ್ತದೆ.

2. ನಿಮ್ಮದೇ ಸ್ಕೋರ್‌ಕಾರ್ಡ್ ಕಟ್ಟಿ

ಈ ಸೂತ್ರಕ್ಕೆ ಭದ್ರಾವತಿಯಲ್ಲಿ ಹುಟ್ಟಿದ ಹುಡುಗನಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಗುಂಡಪ್ಪ ವಿಶ್ವನಾಥ್ ಹುಟ್ಟಿದ್ದು 1949ರ ಫೆಬ್ರವರಿ 12ರಂದು, ಭದ್ರಾವತಿಯಲ್ಲಿ. ಮುಂದೆ ಸುನಿಲ್ ಗಾವಸ್ಕರ್ ತಂಗಿಯನ್ನು ಮದುವೆಯಾದರು. ಅಂದರೆ ಒಂದೇ ಭಾರತ ತಂಡದಲ್ಲಿ ಭಾವ–ಭಾವಮೈದುನ ಇಬ್ಬರೂ ಆಡಿದರು. ಅವರಲ್ಲೊಬ್ಬರು ದೇಶದ ಅತಿ ಪ್ರಭಾವಿ ಬ್ಯಾಟ್ಸ್‌ಮನ್, ಕ್ಯಾಪ್ಟನ್ ಕೂಡ. ಆದರೂ ವಿಶ್ವನಾಥ್ ಬಗ್ಗೆ "ಗಾವಸ್ಕರ್ ಭಾವ, ಅದಕ್ಕೇ ಟೀಮಿನಲ್ಲಿದ್ದಾನೆ" ಎಂದು ಹೇಳಿದರೆ ಯಾರೂ ನಂಬುವುದಿಲ್ಲ.

ಯಾಕೆ? ಅವರ ಲೆಕ್ಕ ಅಷ್ಟು ಸ್ಪಷ್ಟವಾಗಿತ್ತು. 1967ರಲ್ಲಿ ಆಗಿನ ಮೈಸೂರು ತಂಡಕ್ಕೆ ಆಡಿದ ಮೊದಲ ರಣಜಿ ಪಂದ್ಯದಲ್ಲೇ ಆಂಧ್ರದ ವಿರುದ್ಧ 230 ರನ್. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ಮೊದಲ ಟೆಸ್ಟ್. ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಗಾವಸ್ಕರ್ ಟೆಸ್ಟ್‌ಗೆ ಬಂದಿದ್ದು 1971ರಲ್ಲಿ, ಅದಾದ ಮೇಲೆ. ವಿಶ್ವನಾಥ್ ಒಟ್ಟು 91 ಟೆಸ್ಟ್, 6,080 ರನ್, 14 ಶತಕ. ರಣಜಿಯಲ್ಲಿ ಒಬ್ಬರು ಕರ್ನಾಟಕ, ಇನ್ನೊಬ್ಬರು ಬಾಂಬೆ. ಅಲ್ಲಿ ನೆಂಟಸ್ತಿಕೆ ಬೌಂಡರಿ ಗೆರೆಯ ಆಚೆ.

1980ರ ಫೆಬ್ರವರಿಯಲ್ಲಿ ಬಾಂಬೆಯಲ್ಲಿ ಇಂಗ್ಲೆಂಡ್ ವಿರುದ್ಧ ಗೋಲ್ಡನ್ ಜುಬಿಲಿ ಟೆಸ್ಟ್ ನಡೆಯಿತು. ಕ್ಯಾಪ್ಟನ್ ವಿಶ್ವನಾಥ್. ಅವರ ಕೈಕೆಳಗೆ ಆಡುತ್ತಿದ್ದವರಲ್ಲಿ ಗಾವಸ್ಕರ್ ಕೂಡ ಒಬ್ಬರು. ಇಂಗ್ಲೆಂಡ್ 5 ವಿಕೆಟ್ ಕಳೆದುಕೊಂಡು ಒದ್ದಾಡುತ್ತಿತ್ತು. ಬಾಬ್ ಟೇಲರ್ ಕ್ಯಾಚ್ ಔಟ್ ಎಂದು ಅಂಪೈರ್ ಬೆರಳೆತ್ತಿದರು. ಚೆಂಡು ಬ್ಯಾಟಿಗೆ ತಾಗಿಲ್ಲ ಎಂದು ವಿಶ್ವನಾಥ್‌ಗೆ ಖಾತ್ರಿಯಿತ್ತು. ಟೇಲರ್‌ನನ್ನು ವಾಪಸ್ ಕರೆಸಿದರು. ಟೇಲರ್ ಮತ್ತು ಇಯಾನ್ ಬಾಥಮ್ ಸೇರಿ 171 ರನ್ ಜೊತೆಯಾಟ ಆಡಿದರು, ಬಾಥಮ್ ಶತಕ ಹೊಡೆದರು, ಭಾರತ 10 ವಿಕೆಟ್‌ಗಳಿಂದ ಸೋತಿತು. ಪಂದ್ಯ ಕೈಬಿಟ್ಟುಹೋದರೂ ಆ ನಿರ್ಧಾರ ಇವತ್ತಿಗೂ ವಿಶ್ವನಾಥ್ ಹೆಸರಿನ ಜೊತೆಗಿದೆ. ಎದುರಾಳಿಗೂ ನ್ಯಾಯ ಕೊಡುವವನು ಮನೆಯವರಿಗೆ ಪಕ್ಷಪಾತ ಮಾಡುತ್ತಾನೆ ಎಂದರೆ ಯಾರು ನಂಬುತ್ತಾರೆ?

ನೀವು ಮಾಡಬೇಕಾದ್ದು ಇಷ್ಟು. ಪ್ರತಿ ತಿಂಗಳು ನಿಮ್ಮ ಕೆಲಸವನ್ನು ಅಂಕಿಗಳಲ್ಲಿ ಬರೆಯಿರಿ. ಮುಗಿಸಿದ ಪ್ರಾಜೆಕ್ಟ್, ಪಡೆದ ಅಂಕ, ಪರಿಹರಿಸಿದ ದೂರು, ತಂದ ಆರ್ಡರ್. ಅಣ್ಣನ ಹೆಸರು ತೆಗೆದರೂ ಆ ಪಟ್ಟಿ ನಿಲ್ಲಬೇಕು. ನಿಲ್ಲದಿದ್ದರೆ ಎಲ್ಲಿ ದುಡಿಯಬೇಕು ಎಂದು ನಿಮಗೆ ಗೊತ್ತಾಯಿತು. ಕೆಲಸಕ್ಕೆ ಇಳಿಯಿರಿ.

3. ತೀರ್ಪಿನ ಕುರ್ಚಿಯಿಂದ ಎದ್ದು ಬನ್ನಿ

ನಿಮ್ಮವರು ಸ್ಪರ್ಧೆಯಲ್ಲಿದ್ದರೆ ನೀವು ಜಡ್ಜ್ ಆಗಬೇಡಿ. ನಿಮ್ಮ ತಂಗಿ ಇಂಟರ್‌ವ್ಯೂಗೆ ಬಂದರೆ ಪ್ಯಾನೆಲ್‌ನಲ್ಲಿ ಕೂರಬೇಡಿ. ಮಗ ಬರೆದ ಪೇಪರ್ ನೀವು ತಿದ್ದಬೇಡಿ. "ನಾನು ಪ್ರಾಮಾಣಿಕವಾಗಿ ನೋಡುತ್ತೇನೆ" ಎಂಬುದು ನಿಜವೇ ಇರಬಹುದು. ಆದರೆ ಅದನ್ನು ಪಕ್ಕದವರು ಪರೀಕ್ಷಿಸಲಾರರು. ಅವರಿಗೆ ಕಾಣುವುದು ಕುರ್ಚಿ ಮಾತ್ರ.

ಕರ್ನಾಟಕದ್ದೇ ಒಂದು ಪ್ರಕರಣ ನೋಡಿ. ರೋಜರ್ ಬಿನ್ನಿ 1983ರ ವಿಶ್ವಕಪ್‌ನಲ್ಲಿ 18 ವಿಕೆಟ್ ಪಡೆದ ಬೌಲರ್. ಮುಂದೆ ರಾಷ್ಟ್ರೀಯ ಆಯ್ಕೆ ಸಮಿತಿಯಲ್ಲಿದ್ದರು. ಆ ಅವಧಿಯಲ್ಲೇ, 2014ರಲ್ಲಿ, ಮಗ ಸ್ಟುವರ್ಟ್ ಬಿನ್ನಿ ಭಾರತ ತಂಡಕ್ಕೆ ಆಯ್ಕೆಯಾದರು. ಮಗನ ಹೆಸರು ಚರ್ಚೆಗೆ ಬಂದಾಗ ರೋಜರ್ ಸಭೆಯಿಂದ ಹೊರಗಿರುತ್ತಿದ್ದರು ಎಂದು ಆಗ ವರದಿಯಾಗಿತ್ತು. ಅದೇ ವರ್ಷ ಜೂನ್‌ನಲ್ಲಿ ಮೀರ್‌ಪುರದಲ್ಲಿ ಬಾಂಗ್ಲಾದೇಶದ ವಿರುದ್ಧ ಭಾರತ 105ಕ್ಕೆ ಆಲೌಟ್ ಆಯಿತು. ಆಮೇಲೆ ಸ್ಟುವರ್ಟ್ ಬರೀ 4 ರನ್ ಕೊಟ್ಟು 6 ವಿಕೆಟ್ ಕಿತ್ತು ಪಂದ್ಯ ಗೆಲ್ಲಿಸಿಕೊಟ್ಟರು. ಏಕದಿನ ಕ್ರಿಕೆಟ್‌ನಲ್ಲಿ ಆಗ ಅದು ಭಾರತೀಯ ಬೌಲರ್‌ನ ಶ್ರೇಷ್ಠ ಸಾಧನೆ. ಆದರೂ "ಅಪ್ಪ ಸೆಲೆಕ್ಟರ್" ಎಂಬ ಮಾತು ನಿಲ್ಲಲಿಲ್ಲ.

ಇದರಲ್ಲಿ ಎರಡು ಪಾಠ ಇದೆ. ಒಂದು, ಎದ್ದು ಹೊರಗೆ ಹೋಗುವುದು ಅಗತ್ಯ. ಎರಡು, ಬರೀ ಎದ್ದು ಹೋದರೆ ಸಾಲದು, ಅದು ದಾಖಲಾಗಬೇಕು, ಜನಕ್ಕೆ ಕಾಣಬೇಕು. ಮುಂದೆ 2022ರಲ್ಲಿ ರೋಜರ್ ಬಿಸಿಸಿಐ ಅಧ್ಯಕ್ಷರಾದಾಗ ಇನ್ನೊಂದು ದೂರು ಬಂತು. ಸೊಸೆ ಮಯಂತಿ ಲ್ಯಾಂಗರ್ ಕ್ರಿಕೆಟ್ ಪ್ರಸಾರ ಮಾಡುವ ವಾಹಿನಿಯಲ್ಲಿ ನಿರೂಪಕಿ ಎಂಬುದು ಅದರ ವಿಷಯ. ಮಂಡಳಿಯ ನೀತಿ ಅಧಿಕಾರಿ ನೋಟಿಸ್ ಕೊಟ್ಟರು, ವಿಚಾರಿಸಿದರು, ಕೊನೆಗೆ ದೂರನ್ನು ತಳ್ಳಿಹಾಕಿದರು. ನನಗೆ ಇಲ್ಲಿ ಮುಖ್ಯವಾಗಿ ಕಾಣುವುದು ತೀರ್ಪಲ್ಲ, ಕೇಳಲು ಒಬ್ಬ ಅಧಿಕಾರಿ ಇದ್ದದ್ದು. ಕೇಳುವ ಜಾಗ ಇದ್ದರೆ ಗುಸುಗುಸು ಕಡಿಮೆಯಾಗುತ್ತದೆ. ಆರೋಪ ಸುಳ್ಳಾದರೆ, ಸುಳ್ಳು ಎಂದು ಘೋಷಣೆಯೂ ಆಗುತ್ತದೆ.

ಕೀನ್ಯಾದ ಅಂಪೈರ್ ಸುಭಾಷ್ ಮೋದಿ 2006ರಲ್ಲಿ ಬಾಂಗ್ಲಾದೇಶದ ವಿರುದ್ಧದ ಪಂದ್ಯದಲ್ಲಿ ಸ್ವಂತ ಮಗ ಹಿತೇಶ್‌ಗೆ ಎಲ್‌ಬಿಡಬ್ಲ್ಯು ಔಟ್ ಕೊಟ್ಟರು. ಮೆಚ್ಚಬೇಕಾದ ಗಟ್ಟಿತನ. ಆದರೆ ಅಪ್ಪ–ಮಗನನ್ನು ಆ ಸ್ಥಿತಿಗೆ ತಂದು ನಿಲ್ಲಿಸುವ ವ್ಯವಸ್ಥೆಯನ್ನು ನಾನು ಮೆಚ್ಚುವುದಿಲ್ಲ. ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ 1994ರಿಂದ ಟೆಸ್ಟ್‌ಗೆ ಒಬ್ಬ ತಟಸ್ಥ ಅಂಪೈರ್, 2002ರಿಂದ ಇಬ್ಬರೂ ತಟಸ್ಥರು ಎಂಬ ನಿಯಮ ತಂದಿದ್ದು ಅಂಪೈರ್‌ಗಳೆಲ್ಲ ಮೋಸಗಾರರು ಎಂದಲ್ಲ. ಒಳ್ಳೆಯ ಅಂಪೈರ್‌ಗೂ ಅನುಮಾನದ ಹೊರೆ ಬೇಡ ಎಂದು.

ಹೀಗೆ ಹೇಳಿ: "ಈ ರೌಂಡ್‌ನಲ್ಲಿ ನಮ್ಮ ಅಕ್ಕನ ಮಗಳು ಇದ್ದಾಳೆ. ನಾನು ಮಾರ್ಕ್ಸ್ ಹಾಕಲ್ಲ. ಬೇರೆ ಜಡ್ಜ್ ಕೂರಿಸಿ." ಒಂದು ನಿಮಿಷದ ಕೆಲಸ.

4. ಒಂದು ತಲೆ, ಒಂದು ಓಟು

ಮನೆಯಲ್ಲಿ ನಾಲ್ಕು ಫೋನ್ ಇದ್ದರೆ ನಿಮಗೆ ನಾಲ್ಕು ಓಟು ಇಲ್ಲ. ಅಮ್ಮನ ಫೋನ್ ತೆಗೆದುಕೊಂಡು ಪೋಲ್‌ನಲ್ಲಿ ನಿಮಗೆ ಬೇಕಾದ್ದನ್ನು ಒತ್ತಬೇಡಿ. ತಮ್ಮನಿಗೆ "ಸುಮ್ನೆ ಇದಕ್ಕೇ ಹಾಕು" ಎನ್ನಬೇಡಿ. ಅವನಿಗೆ ಒಂದು ಅಭಿಪ್ರಾಯ ಇದೆ, ಕೇಳಿ ನೋಡಿ.

ಕರ್ನಾಟಕ ಸಹಕಾರ ಸಂಘಗಳ 1959ರ ಕಾಯ್ದೆಯ ಮೂಲ ತತ್ವವೇ ಒಬ್ಬ ಸದಸ್ಯನಿಗೆ ಒಂದು ಮತ. ಎಷ್ಟು ಷೇರು ಇದ್ದರೂ ಮತ ಒಂದೇ. ನಿಮ್ಮ ಕುಟುಂಬದ ಐದು ಜನ ಸದಸ್ಯರಿದ್ದರೆ ಐದು ಮತ ಖಂಡಿತ ಇದೆ, ಆದರೆ ಅವು ಐದು ಜನರವು, ಯಜಮಾನರದ್ದಲ್ಲ. ಒಂದೇ ಮನೆ ಎಂದರೆ ಒಂದೇ ಅಭಿಪ್ರಾಯ ಎಂದು ಭಾವಿಸುವವರಿಗೆ ನಮ್ಮ ಜಿಲ್ಲೆಯ ಸೊರಬವೇ ಉತ್ತರ. ಮಾಜಿ ಮುಖ್ಯಮಂತ್ರಿ ಬಂಗಾರಪ್ಪನವರ ಇಬ್ಬರು ಮಕ್ಕಳು, ಕುಮಾರ್ ಮತ್ತು ಮಧು, ಅಲ್ಲಿ ವಿಧಾನಸಭಾ ಚುನಾವಣೆಗೆ ಎದುರುಬದುರು ನಿಂತರು. 2018ರಲ್ಲಿ ಕುಮಾರ್ ಗೆದ್ದರು, 2023ರಲ್ಲಿ ಮಧು ಗೆದ್ದರು. ಎರಡು ಸಲವೂ ತೀರ್ಮಾನ ಮಾಡಿದ್ದು ಮತದಾರರು.

5. ಒಂದೇ ವೈಫೈ? ಎರಡು ಅಕೌಂಟ್, ಎರಡು ವ್ಯಕ್ತಿತ್ವ

ಮನೆಯ ರೂಟರ್‌ನಿಂದ ಹೊರಹೋಗುವ ಎಲ್ಲ ಫೋನ್, ಲ್ಯಾಪ್‌ಟಾಪ್‌ಗಳೂ ಸಾಮಾನ್ಯವಾಗಿ ಹೊರಗಿನ ಜಗತ್ತಿಗೆ ಒಂದೇ ಐಪಿ ವಿಳಾಸದಿಂದ ಬಂದಂತೆ ಕಾಣುತ್ತವೆ. ಅಣ್ಣ–ತಂಗಿ ಇಬ್ಬರೂ ಒಂದೇ ಆನ್‌ಲೈನ್ ಬಳಗದಲ್ಲಿ, ಒಂದೇ ರಾತ್ರಿ, ಒಂದೇ ವಾದ ಮಂಡಿಸಿದರೆ ನಿರ್ವಾಹಕರಿಗೆ ಬರುವ ಮೊದಲ ಅನುಮಾನ: ಒಬ್ಬನೇ ಎರಡು ವೇಷ ಹಾಕಿದ್ದಾನೆ.

ವಿಕಿಪೀಡಿಯ ಈ ಸಮಸ್ಯೆಯನ್ನು ಬಹಳ ಹಿಂದೆಯೇ ಎದುರಿಸಿದೆ. ಒಬ್ಬನೇ ಹಲವು ಖಾತೆ ತೆರೆದು ಬೆಂಬಲ ಸೃಷ್ಟಿಸುವುದು ಅಲ್ಲಿ ನಿಷಿದ್ಧ. ಒಂದೇ ಮನೆಯವರು ಬರೆಯುವುದಕ್ಕೆ ಅಡ್ಡಿಯಿಲ್ಲ. ಆದರೆ ಒಂದೇ ಉದ್ದೇಶಕ್ಕೆ ಒಟ್ಟಾಗಿ ಕೆಲಸ ಮಾಡುವ ನಿಕಟ ಸಂಬಂಧಿಗಳನ್ನು ಒಬ್ಬನೇ ಬಳಕೆದಾರ ಎಂದು ಪರಿಗಣಿಸಬಹುದು ಎನ್ನುತ್ತದೆ ಇಂಗ್ಲಿಷ್ ವಿಕಿಪೀಡಿಯದ ನೀತಿ. ಪರಿಹಾರವನ್ನೂ ಅದೇ ಹೇಳುತ್ತದೆ: ಸಂಬಂಧವನ್ನು ಬಹಿರಂಗಪಡಿಸಿ. ಕನ್ನಡ ವಿಕಿಪೀಡಿಯ 2003ರಿಂದ ಇದೆ. ಅಲ್ಲಿ ಬರೆಯಲು ಮನೆಯವರೆಲ್ಲ ಸೇರಿದರೆ ಭಾಷೆಗೆ ಲಾಭ. ಅಪ್ಪ ಭದ್ರಾ ಡ್ಯಾಮ್ ಬಗ್ಗೆ ಬರೆಯಲಿ, ಮಗಳು ಗಣಿತದ ಬಗ್ಗೆ ಬರೆಯಲಿ. ಇಬ್ಬರೂ ಒಂದೇ ಚರ್ಚೆಗೆ ಹೋದರೆ ಮಾತ್ರ "ನಾವು ಒಂದೇ ಮನೆಯವರು" ಎಂದು ಮೊದಲ ಸಾಲಿನಲ್ಲೇ ಬರೆಯಲಿ.

ಪಾಸ್‌ವರ್ಡ್ ಹಂಚಿಕೊಳ್ಳಬೇಡಿ. ತಮ್ಮನ ಆನ್‌ಲೈನ್ ಟೆಸ್ಟ್ ನೀವು ಬರೆಯಬೇಡಿ, ಅದು ಸಹಾಯ ಅಲ್ಲ. ಅವನ ಕಲಿಕೆಯನ್ನೇ ಕಿತ್ತುಕೊಂಡಂತೆ.

6. ಗುಂಪಾಗಿ ಮುಗಿಬೀಳಬೇಡಿ

ಬಳಗದಲ್ಲಿ ಯಾರೋ ನಿಮ್ಮ ಅಕ್ಕನ ಮಾತನ್ನು ವಿರೋಧಿಸಿದರು. ಐದು ನಿಮಿಷದಲ್ಲಿ ನೀವು, ಭಾವ, ಚಿಕ್ಕಮ್ಮ ಮೂವರೂ ಉತ್ತರ ಕೊಟ್ಟರೆ ಅದು ಚರ್ಚೆಯಾಗುವುದಿಲ್ಲ, ಮುತ್ತಿಗೆಯಾಗುತ್ತದೆ. ಆ ವ್ಯಕ್ತಿ ಇನ್ನು ಬಾಯಿ ಬಿಡುವುದಿಲ್ಲ. ಅಕ್ಕನಿಗೆ ಉತ್ತರ ಕೊಡುವ ಶಕ್ತಿ ಇದೆ. ನೀವು ಕಾಯಿರಿ. ಬೇರೆ ಸದಸ್ಯರು ಮಾತಾಡಿದ ಮೇಲೆ, ಹೇಳಲು ಹೊಸದೇನಾದರೂ ಇದ್ದರೆ ಮಾತ್ರ ಹೇಳಿ.

ಮನೆಯ ಜಗಳವನ್ನೂ ಅಲ್ಲಿಗೆ ತರಬೇಡಿ. ಬೆಳಗ್ಗೆ ಬೈಕಿನ ಕೀಗಾಗಿ ಆದ ಜಗಳ ಸಂಜೆಯ ಪ್ರಾಜೆಕ್ಟ್ ಮೀಟಿಂಗ್‌ಗೆ ಸಂಬಂಧಿಸಿದ್ದಲ್ಲ.

7. ಮಾಹಿತಿಗೆ ಬೀಗ ಹಾಕಿ

ಅತ್ಯಂತ ದೊಡ್ಡ ಅನ್ಯಾಯ ಊಟದ ಹೊತ್ತಿನಲ್ಲಿ, ಬಾಯಿ ತಪ್ಪಿ ಆಗುತ್ತದೆ. ಪ್ಯಾನೆಲ್‌ನಲ್ಲಿ ಯಾರಿದ್ದಾರೆ, ಯಾವ ಯೂನಿಟ್‌ನಿಂದ ಪ್ರಶ್ನೆ ಬರುತ್ತದೆ, ಎಷ್ಟು ಪೋಸ್ಟ್ ಖಾಲಿ ಇವೆ. ನಿಮಗೆ ಕೆಲಸದಿಂದ ತಿಳಿದದ್ದು ಮನೆಯವರಿಗೆ ಸಿಕ್ಕರೆ, ಭದ್ರಾವತಿಯಿಂದ ಬಸ್ಸಿನಲ್ಲಿ ಬಂದು ಶಿವಮೊಗ್ಗದ ಲೈಬ್ರರಿಯಲ್ಲಿ ಕೂತು ಓದುವ ಇನ್ನೊಬ್ಬ ಹುಡುಗಿ ಹಿಂದೆ ಬೀಳುತ್ತಾಳೆ. ಅವಳ ಮನೆಯಲ್ಲಿ ಹೇಳುವವರು ಯಾರೂ ಇಲ್ಲ. ಅವಳನ್ನು ನೆನಪಿಟ್ಟುಕೊಳ್ಳಿ. ನಿಮ್ಮ ಗೆಲುವು ಅವಳೆದುರಿಗೂ ತಲೆ ಎತ್ತಿ ನಿಲ್ಲುವಂತಿರಬೇಕು.

ನೀವು ಕೇಳುವವರಾಗಿದ್ದರೂ ನಿಯಮ ಒಂದೇ. ಮಾವ ಹೇಳಲು ಶುರು ಮಾಡಿದರೆ ತಡೆಯಿರಿ: "ಮಾವ, ಅದು ಬೇಡ. ಹೇಗೆ ಓದಬೇಕು ಅಂತ ಬೇಕಾದ್ರೆ ಹೇಳಿಕೊಡಿ." ಅನುಭವ ಹಂಚಿಕೊಳ್ಳುವುದು ಮಾರ್ಗದರ್ಶನ, ಗುಟ್ಟು ಹಂಚಿಕೊಳ್ಳುವುದು ಮೋಸ.

8. ನೆಂಟರಿಗೆ ಮೊದಲೇ 'ಇಲ್ಲ' ಎನ್ನಿ

ಭದ್ರಾವತಿಯ ಕಾರ್ಖಾನೆಗೆ ಯಾರ ಹೆಸರಿದೆಯೋ ಅವರಿಂದಲೇ ಕಲಿಯಿರಿ. ಎಂ. ವಿಶ್ವೇಶ್ವರಯ್ಯನವರು 1912ರಲ್ಲಿ ಮೈಸೂರಿನ ದಿವಾನರಾದರು. ಆ ಹುದ್ದೆ ಒಪ್ಪುವ ಮೊದಲು ಬಂಧುಗಳನ್ನು ಊಟಕ್ಕೆ ಕರೆದು, ತಮ್ಮ ಬಳಿ ಯಾರೂ ಶಿಫಾರಸು ಕೇಳಿ ಬರಬಾರದು, ಅದಕ್ಕೆ ಒಪ್ಪಿದರೆ ಮಾತ್ರ ಹುದ್ದೆ ಸ್ವೀಕರಿಸುವುದಾಗಿ ಹೇಳಿದರು ಎಂಬುದು ಅವರ ಬಗ್ಗೆ ಪ್ರಸಿದ್ಧವಾದ ಸಂಗತಿ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರು ಮಾಡಿತು. ನಷ್ಟದಲ್ಲಿ ಒದ್ದಾಡುತ್ತಿದ್ದ ಅದರ ಆಡಳಿತ ಮಂಡಳಿಯ ಅಧ್ಯಕ್ಷತೆಯನ್ನು ಅವರೇ ವಹಿಸಿ ದಾರಿಗೆ ತಂದರು.

ಅವರ ಜಾಣತನ ಎಲ್ಲಿದೆ ಗಮನಿಸಿ. ಅವರು ಕೇಳಿದ ಮೇಲೆ ನಿರಾಕರಿಸಲಿಲ್ಲ, ಕೇಳುವ ಮೊದಲೇ ಬಾಗಿಲು ಹಾಕಿದರು. ಒಬ್ಬ ಸೋದರಮಾವನ ಮುಖ ನೋಡಿ 'ಇಲ್ಲ' ಎನ್ನುವುದು ಕಷ್ಟ. ಎಲ್ಲರೂ ಕೂತಿರುವಾಗ ಒಂದೇ ಸಲ ಹೇಳಿದರೆ ಯಾರಿಗೂ ಅವಮಾನ ಇಲ್ಲ. ನಿಮಗೆ ಹೊಸ ಕೆಲಸ, ಪ್ರಮೋಷನ್, ಸಂಘದ ಕಾರ್ಯದರ್ಶಿ ಸ್ಥಾನ ಸಿಕ್ಕಿತೇ? ಮುಂದಿನ ಹಬ್ಬಕ್ಕೆ ಎಲ್ಲರೂ ಸೇರಿದಾಗ ನಗುನಗುತ್ತಾ ಹೇಳಿಬಿಡಿ: "ಅರ್ಜಿ ಹಾಕೋದು ಹೇಗೆ ಅಂತ ಯಾರಿಗೆ ಬೇಕಾದ್ರೂ ಹೇಳ್ತೀನಿ. ಆದ್ರೆ ಯಾರ ಹೆಸರನ್ನೂ ನಾನು ಒಳಗೆ ಹೇಳಲ್ಲ."

9. ನಿಮ್ಮವರಿಗೆ ಉಲ್ಟಾ ಅನ್ಯಾಯ ಮಾಡಬೇಡಿ

ಇದನ್ನು ಬಹಳ ಜನ ಮರೆಯುತ್ತಾರೆ. ಪಕ್ಷಪಾತದ ಹೆಸರು ಬರಬಾರದೆಂದು ಸ್ವಂತ ತಮ್ಮನನ್ನೇ ತಂಡದಿಂದ ಕೈಬಿಡುತ್ತಾರೆ. ಮಗಳಿಗೆ ಎಲ್ಲರಿಗಿಂತ ಕಡಿಮೆ ಅಂಕ ಹಾಕುತ್ತಾರೆ. ಇದು ಪ್ರಾಮಾಣಿಕತೆ ಅಲ್ಲ. ನಿಮ್ಮ ಇಮೇಜ್ ಉಳಿಸಿಕೊಳ್ಳಲು ಅವರ ಅವಕಾಶವನ್ನು ಖರ್ಚು ಮಾಡುತ್ತಿದ್ದೀರಿ. ತಕ್ಕಡಿ ಎತ್ತ ವಾಲಿದರೂ ತೂಕ ತಪ್ಪೇ. ಹೊರಗಿನವರಿಗೆ ಯಾವ ಅಳತೆಯೋ ನಿಮ್ಮವರಿಗೂ ಅದೇ ಅಳತೆ ಇರಲಿ. ಅಳೆಯಲು ನಿಮ್ಮಿಂದ ಆಗದಿದ್ದರೆ ಮೂರನೇ ಸೂತ್ರ ನೋಡಿ, ಅಳೆಯುವವರನ್ನು ಬದಲಿಸಿ.

ತಮ್ಮ, ತಂಗಿಯರಿಗೂ ಒಂದು ಮಾತು. ಅಣ್ಣ ಕ್ಯಾಪ್ಟನ್ ಎಂಬ ಕಾರಣಕ್ಕೆ ಹಿಂದೆ ಸರಿಯಬೇಡಿ. ಟ್ರಯಲ್‌ಗೆ ಹೋಗಿ, ಎಲ್ಲರ ಜೊತೆ ಸಾಲಿನಲ್ಲಿ ನಿಲ್ಲಿ, ಎಲ್ಲರೆದುರು ಆಡಿ. ಗ್ರೌಂಡ್‌ನಲ್ಲಿ "ಅಣ್ಣಾ" ಎನ್ನದೆ "ಕ್ಯಾಪ್ಟನ್" ಎನ್ನಿ. ಸಣ್ಣ ಬದಲಾವಣೆ, ಆದರೆ ತಂಡದ ಉಳಿದ ಹತ್ತು ಜನಕ್ಕೆ ಬಹಳ ಸಮಾಧಾನ.

10. ಅನ್ಯಾಯ ಕಂಡರೆ ಪದ್ಧತಿಯನ್ನು ಪ್ರಶ್ನಿಸಿ

ಬೇರೆಯವರ ಕುಟುಂಬ ಲಾಭ ಪಡೆಯುತ್ತಿದೆ ಎನ್ನಿಸಿದರೆ ಕ್ಯಾಂಟೀನ್‌ನಲ್ಲಿ ಗೊಣಗಬೇಡಿ. "ಅವರು ಮೋಸ ಮಾಡಿದರು" ಎಂದು ಸ್ಟೇಟಸ್ ಹಾಕಬೇಡಿ. ನೇರವಾಗಿ, ಬರವಣಿಗೆಯಲ್ಲಿ ಮೂರು ಪ್ರಶ್ನೆ ಕೇಳಿ. ಆಯ್ಕೆಯ ಮಾನದಂಡ ಏನು? ಅಂಕಗಳನ್ನು ಪ್ರಕಟಿಸುತ್ತೀರಾ? ತೀರ್ಪುಗಾರರಲ್ಲಿ ಸ್ಪರ್ಧಿಗಳ ಬಂಧುಗಳಿದ್ದರೆ ಯಾವ ನಿಯಮ? ವ್ಯಕ್ತಿಯ ಮೇಲೆ ಆರೋಪ ಮಾಡಿದರೆ ಅವರು ರಕ್ಷಣೆಗೆ ನಿಲ್ಲುತ್ತಾರೆ. ಪದ್ಧತಿ ಬಗ್ಗೆ ಕೇಳಿದರೆ ಉತ್ತರ ಕೊಡಲೇಬೇಕಾಗುತ್ತದೆ. ನಿಮ್ಮ ಅನುಮಾನ ತಪ್ಪಾಗಿದ್ದರೂ ಯಾರ ಮನಸ್ಸೂ ಮುರಿಯುವುದಿಲ್ಲ.

11. 'ಜನ ಏನಂತಾರೆ' ಎಂಬ ಚಟ ಬಿಡಿ

ಎಲ್ಲ ಸರಿಯಾಗಿ ಮಾಡಿದ ಮೇಲೂ ಕೆಲವರು ಮಾತಾಡುತ್ತಾರೆ. ಆಡಲಿ. ನೀವು ಸಂಬಂಧ ತಿಳಿಸಿದ್ದೀರಿ, ತೀರ್ಪಿನಿಂದ ದೂರ ಇದ್ದೀರಿ, ನಿಮ್ಮ ಅಂಕಿಗಳು ನಿಮ್ಮ ಕೈಯಲ್ಲಿವೆ. ಇನ್ನು "ನಾನು ನಿಜವಾಗಿ ಅರ್ಹನಾ?" ಎಂದು ರಾತ್ರಿಯೆಲ್ಲ ಯೋಚಿಸುವುದು ವಿನಯ ಅಲ್ಲ, ತಿದ್ದಿಕೊಳ್ಳಬೇಕಾದ ಅಭ್ಯಾಸ. ಅನುಮಾನ ಬಂದಾಗಲೆಲ್ಲ ಸ್ಕೋರ್‌ಕಾರ್ಡ್ ತೆಗೆದು ಓದಿ. ಕೊರತೆ ಕಂಡರೆ ಮರುದಿನದ ಟೈಮ್‌ಟೇಬಲ್‌ಗೆ ಸೇರಿಸಿ. ಕಾಣದಿದ್ದರೆ ಮಲಗಿ.

12. ಈ ವಾರದ ಕೆಲಸ

ಒಂದು ಹಾಳೆ ತೆಗೆದುಕೊಳ್ಳಿ. ನೀವಿರುವ ಎಲ್ಲ ಜಾಗ ಬರೆಯಿರಿ: ಆಫೀಸು, ಕಾಲೇಜು, ಸಂಘ, ಟೀಮು, ಆನ್‌ಲೈನ್ ಬಳಗ. ಪಕ್ಕದಲ್ಲಿ ಅಲ್ಲಿರುವ ನಿಮ್ಮವರ ಹೆಸರು. ಅದರ ಪಕ್ಕದಲ್ಲಿ, ಈ ಸಂಬಂಧ ಯಾರಿಗೆ ತಿಳಿದಿರಬೇಕು ಎಂದು ಬರೆಯಿರಿ. ಇನ್ನೂ ತಿಳಿಸಿಲ್ಲವೇ? ಶನಿವಾರದೊಳಗೆ ಅವರಿಗೆ ಫೋನ್ ಮಾಡಿ ಅಥವಾ ಇಮೇಲ್ ಕಳಿಸಿ. ಭಾನುವಾರ ಮನೆಯವರನ್ನು ಕೂರಿಸಿ ಅದೇ ಹಾಳೆಯನ್ನು ತೋರಿಸಿ. ಅವರೂ ಇಂಥದ್ದೇ ಹಾಳೆ ಬರೆದರೆ ಅದರಲ್ಲಿ ನಿಮ್ಮ ಹೆಸರು ಎಲ್ಲೆಲ್ಲಿ ಬರುತ್ತದೆ ಎಂದು ಕೇಳಿ ಬರೆದುಕೊಳ್ಳಿ.